ನಿಮಿಷಕ್ಕೊಂದು ರೂಪಾಯಿ

ಮಾಲೂರು ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು ಜನ ಹೋಗುವುದೆಲ್ಲ ಬೆಂಗಳೂರಿನ ಕಡೆಗೆ. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬರುವ ಗಾಡಿಗಳು ಟೇಕಲ್ ದಾಟುವಷ್ಟರಲ್ಲೇ ತುಂಬಿರುತ್ತವೆ. 2001ರ ಫೆಬ್ರವರಿ ಕೊನೆಯಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಆ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಈ ಗಾಡಿಗಳಿಂದಲೇ. ಹತ್ತಿದವರಲ್ಲಿ ಟಿಫನ್ ಬಾಕ್ಸು, ಐಡಿ ಕಾರ್ಡು ಹಿಡಿದು ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಕ್ಕಳೂ ಇರುತ್ತಾರೆ. ಇದೇ ಮಾರ್ಗದಲ್ಲಿ ಎದುರು ದಿಕ್ಕಿಗೆ ಗೂಡ್ಸು ಗಾಡಿಗಳು ಸಾಗುತ್ತವೆ. ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ ಸೀಲು ಬಿದ್ದ ಪೆಟ್ಟಿಗೆಗಳು ಮಾಲೂರು, ಬಂಗಾರಪೇಟೆ, ಜೋಲಾರಪೇಟೆ ದಾಟಿ ಚೆನ್ನೈ ಬಂದರು ಸೇರುತ್ತವೆ. ಹೊಲಿಯುವ ಕೈ ಪಶ್ಚಿಮಕ್ಕೆ, ಹೊಲಿದ ಅಂಗಿ ಪೂರ್ವಕ್ಕೆ.

ಲಕ್ಕೂರಿಗೆ ರೈಲಿಲ್ಲ. ಮಾಲೂರು ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದಾದ ಇದು ತಮಿಳುನಾಡಿನ ಗಡಿಯ ಮಗ್ಗುಲಲ್ಲಿದೆ. ಚಿಕ್ಕತಿರುಪತಿ ಇರುವುದು ಈ ಹೋಬಳಿಯಲ್ಲೇ. ರಾಗಿ, ಹಿಪ್ಪುನೇರಳೆ, ಟೊಮೆಟೊ, ಹೂವು, ನೀಲಗಿರಿ ತೋಪು, ಎರಡು ಹೊತ್ತಿನ ಡೇರಿ ಹಾಲು: ಊರಿನ ಬದುಕು ಇಷ್ಟರಲ್ಲಿ ನಡೆಯುತ್ತಿತ್ತು. ಆದರೆ ಒಂದು ಕಡೆ ಹೊಸೂರು, ಇನ್ನೊಂದು ಕಡೆ ಸರ್ಜಾಪುರ ಮತ್ತು ಅತ್ತಿಬೆಲೆ, ಹಿಂದಕ್ಕೆ ತಿರುಗಿದರೆ ಮಾಲೂರಿನ ಕೈಗಾರಿಕಾ ಪ್ರದೇಶ. ಇಂಥ ಜಾಗದ ಹಳ್ಳಿಗಳಲ್ಲಿ ಹೊತ್ತು ಮೂಡುವ ಮುಂಚೆಯೇ ಕಂಪನಿ ಗಾಡಿಗೆ ಕಾಯುವ ಹೆಂಗಸರು ರಸ್ತೆ ಬದಿಯಲ್ಲಿ ನಿಂತಿರುವುದು ಈಗ ಯಾರಿಗೂ ವಿಶೇಷವಲ್ಲ.

ಈ ರಸ್ತೆ ಬದಿಗೂ ಜಗತ್ತಿನ ಉಡುಪು ವ್ಯಾಪಾರದ ಅಂಕಿಗಳಿಗೂ ಇರುವ ನಂಟನ್ನು ಬಿಡಿಸಿ ನೋಡಬೇಕು. ಏಕೆಂದರೆ ಆ ಅಂಕಿಗಳಲ್ಲಿ ಒಂದು ವಿಚಿತ್ರವಿದೆ. 1980ರ ಸುಮಾರಿಗೆ ಪ್ರಪಂಚದ ಸಿದ್ಧ ಉಡುಪು ರಫ್ತಿನ ಐದನೇ ಒಂದರಷ್ಟು ಪಾಲು ಹಾಂಗ್‌ಕಾಂಗ್ ಮತ್ತು ದಕ್ಷಿಣ ಕೊರಿಯಾ ಎಂಬ ಎರಡೇ ಕಡೆಯಿಂದ ಬರುತ್ತಿತ್ತು. ಚೀನಾದ ಪಾಲು ಆಗ 4%. 2000ದಲ್ಲಿ ಚೀನಾ 18% ಮುಟ್ಟಿತು, 2010ಕ್ಕೆ 37% ಹತ್ತಿರಕ್ಕೆ ಏರಿತು, 2022ಕ್ಕೆ ಇಳಿದು 32%ರ ಆಸುಪಾಸಿಗೆ ಬಂತು. ಬಾಂಗ್ಲಾದೇಶ 2000ದಲ್ಲಿ ಎರಡೂವರೆ ಪರ್ಸೆಂಟ್ ಇದ್ದದ್ದು 2022ರಲ್ಲಿ ಎಂಟರ ಹತ್ತಿರ. ವಿಯೆಟ್ನಾಂ ಒಂದಕ್ಕಿಂತ ಕಡಿಮೆ ಇದ್ದದ್ದು ಆರು. ಭಾರತ? 2000ದಲ್ಲಿ ಮೂರು, 2010ರಲ್ಲಿ ಮೂರು, 2022ರಲ್ಲೂ ಮೂರು. ಒಟ್ಟು ವ್ಯಾಪಾರ ಸುಮಾರು 20,000 ಕೋಟಿ ಡಾಲರಿನಿಂದ 57,000 ಕೋಟಿ ಡಾಲರಿಗೆ ಹಿಗ್ಗಿದ್ದರಿಂದ ನಮ್ಮ ರಫ್ತೂ ಹಿಗ್ಗಿದೆ, ನಿಜ. ಪಾಲು ಮಾತ್ರ ಅಲ್ಲಾಡಿಲ್ಲ. ಈಚೆಗೆ ನೋಡಿದರೆ ಹಿಗ್ಗುವುದೂ ನಿಂತಂತಿದೆ. 2016-17ರಲ್ಲಿ ದೇಶದ ಸಿದ್ಧ ಉಡುಪು ರಫ್ತು 1,700 ಕೋಟಿ ಡಾಲರ್ ದಾಟಿತ್ತು, 2024-25ರಲ್ಲಿ 1,600 ಕೋಟಿಯ ಹತ್ತಿರ.

ಯುರೋಪ್ ಒಕ್ಕೂಟದ ಪಾಲು ಈಗಲೂ ಕಾಲು ಭಾಗಕ್ಕಿಂತ ಮೇಲಿದೆ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಅದರಲ್ಲಿ ಹೆಚ್ಚಿನದು ಯುರೋಪಿನ ದೇಶಗಳು ತಮ್ಮತಮ್ಮಲ್ಲೇ ಮಾರಿಕೊಳ್ಳುವುದು. ಢಾಕಾದಿಂದ ಜರ್ಮನಿಯ ಗೋದಾಮಿಗೆ ಬಂದು ಅಲ್ಲಿಂದ ಆಸ್ಟ್ರಿಯಾಕ್ಕೆ ಹೋದ ಅಂಗಿಯೂ ಆ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದನ್ನು ಬದಿಗಿಡೋಣ.

ಪಾಲು ಏಕೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತದೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಕೂಲಿ. ಎಲ್ಲಿ ಕೂಲಿ ಅಗ್ಗವೋ ಅಲ್ಲಿಗೆ ಆರ್ಡರ್. ಗಾರ್ಮೆಂಟ್ಸ್ ಮಾಲೀಕರೂ ಇದನ್ನೇ ಹೇಳುತ್ತಾರೆ, ಅರ್ಥಶಾಸ್ತ್ರದ ಪುಸ್ತಕಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಒಮ್ಮೆ ಲೆಕ್ಕ ಹಾಕಿ ನೋಡಬಹುದು, ಕಷ್ಟದ ಲೆಕ್ಕವೇನಲ್ಲ.

ಫ್ಯಾಕ್ಟರಿಯಲ್ಲಿ ಯಾರೂ ಇಡೀ ಅಂಗಿ ಹೊಲಿಯುವುದಿಲ್ಲ. ಟೈಲರ್ ಅಂತ ಹೆಸರಿದ್ದರೂ ಒಬ್ಬಳಿಗೆ ಕಾಲರ್ ಕೂರಿಸುವುದೊಂದೇ ಕೆಲಸ, ಪಕ್ಕದವಳಿಗೆ ಕಫ್, ಅದರಾಚೆಯವಳಿಗೆ ತೋಳಿನ ಓವರ್‌ಲಾಕ್. ಫುಲ್ ತೋಳಿನ ಸಾಧಾರಣ ಅಂಗಿಯೊಂದು ನಲವತ್ತಕ್ಕೂ ಹೆಚ್ಚು ಕೈ ದಾಟಿ, ಕಾಜಾ ಬಟನ್ ಮುಗಿಸಿ, ದಾರ ಕತ್ತರಿಸುವ ಹೆಲ್ಪರ್ ಹತ್ತಿರ ಹೋಗುತ್ತದೆ. ಅಲ್ಲಿಂದ ಚೆಕ್ಕರ್. ಸೀಮ್ ಎಳೆದು ನೋಡಿ, ಎಲ್ಲಾದರೂ ಹೊಲಿಗೆ ಜಾರಿದ್ದರೆ ಚಿಕ್ಕ ಬಾಣದ ಸ್ಟಿಕ್ಕರ್ ಅಂಟಿಸಿ ಹಿಂದಕ್ಕೆ ಎಸೆಯುತ್ತಾಳೆ; ಆಲ್ಟರೇಷನ್ ಬಂದ ಪೀಸು ಲೆಕ್ಕಕ್ಕೆ ಬರುವುದಿಲ್ಲ. ಪ್ರತಿಯೊಂದು ಕೆಲಸಕ್ಕೂ ಇಷ್ಟು ಸೆಕೆಂಡ್ ಎಂದು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಸ್ಟಾಪ್‌ವಾಚ್ ಹಿಡಿದು ಗುರುತು ಹಾಕಿರುತ್ತಾರೆ. ಎಲ್ಲ ಕೂಡಿಸಿದರೆ ಇಂಥ ಅಂಗಿಯ ಹೊಲಿಗೆಗೆ ಸುಮಾರು 20 ನಿಮಿಷ. ಟಾರ್ಗೆಟ್ ಹುಟ್ಟುವುದು ಇಲ್ಲಿ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಪೀಸುಗಳ ಸಂಖ್ಯೆ ಬರೆಯುತ್ತಾರೆ, ಕಡಿಮೆ ಬಿದ್ದರೆ ಸೂಪರ್‌ವೈಸರ್ ಬಾಯಿ ಬಿಡುತ್ತಾನೆ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ನೀರೇ ಕುಡಿಯದೆ ಕೂರುವ ಅಕ್ಕಂದಿರು ಈ ಕೆಲಸದಲ್ಲಿದ್ದಾರೆ.

ಈಗ ಕೂಲಿ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದರೆ 12,480 ನಿಮಿಷ. ಬೆಂಗಳೂರು ಸುತ್ತಮುತ್ತ ಗಾರ್ಮೆಂಟ್ಸ್ ಟೈಲರಿನ ಕನಿಷ್ಠ ಕೂಲಿ ಈಚಿನ ವರ್ಷಗಳಲ್ಲಿ ಹನ್ನೆರಡು ಹದಿಮೂರು ಸಾವಿರದ ಆಸುಪಾಸಿನಲ್ಲಿದೆ. 12,500 ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ ಒಂದು ರೂಪಾಯಿ. ಬಾಂಗ್ಲಾದೇಶ 2023ರ ಡಿಸೆಂಬರ್‌ನಿಂದ ತನ್ನ ಗಾರ್ಮೆಂಟ್ಸ್ ಕಾರ್ಮಿಕರಿಗೆ ನಿಗದಿ ಮಾಡಿದ ಕನಿಷ್ಠ ಕೂಲಿ 12,500 ಟಾಕಾ. ಅಲ್ಲಿಯೂ ವಾರಕ್ಕೆ 48 ಗಂಟೆ. ಅಂದರೆ ನಿಮಿಷಕ್ಕೆ ಒಂದು ಟಾಕಾ, ನಮ್ಮ ದುಡ್ಡಿನಲ್ಲಿ ಮುಕ್ಕಾಲು ರೂಪಾಯಿಯಷ್ಟು. ನಿಮಿಷಕ್ಕೆ ನಾಲ್ಕಾಣೆ ವ್ಯತ್ಯಾಸ. 20 ನಿಮಿಷದ ಅಂಗಿಗೆ ಐದು ರೂಪಾಯಿ. ಸ್ಟಾಪ್‌ವಾಚಿನ ನಿಮಿಷಕ್ಕೆ ನಿಜವಾಗಿ ಎರಡು ನಿಮಿಷ ಹಿಡಿಯುತ್ತದೆ ಎಂದು ಎರಡೂ ಕಡೆ ಸಡಿಲ ಬಿಟ್ಟರೂ ಹತ್ತು ರೂಪಾಯಿ.

ಇನ್ನು ಕಸ್ಟಮ್ಸ್ ಕಟ್ಟೆಗೆ ಬನ್ನಿ. ಯುರೋಪ್ ಒಕ್ಕೂಟ ಸಿದ್ಧ ಉಡುಪಿನ ಮೇಲೆ ಸಾಮಾನ್ಯವಾಗಿ ಹಾಕುವ ಸುಂಕ 12%. ಭಾರತಕ್ಕೆ ವರ್ಷಗಟ್ಟಲೆ ಸ್ವಲ್ಪ ರಿಯಾಯಿತಿ ಸಿಕ್ಕಿ ಸುಮಾರು ಹತ್ತು ಪರ್ಸೆಂಟ್ ಬೀಳುತ್ತಿತ್ತು. ಬಾಂಗ್ಲಾದೇಶ ಅತಿ ಹಿಂದುಳಿದ ರಾಷ್ಟ್ರಗಳ ಪಟ್ಟಿಯಲ್ಲಿರುವುದರಿಂದ 2001ರಲ್ಲಿ ಬಂದ ‘ಆಯುಧ ಬಿಟ್ಟು ಉಳಿದೆಲ್ಲ’ ಎಂಬ ಯೋಜನೆಯಡಿ ಅದಕ್ಕೆ ಸುಂಕ ಸೊನ್ನೆ. ಬಂದರಿನಲ್ಲಿ 8 ಡಾಲರ್ ಬೆಲೆ ಕಟ್ಟಿದ ಅಂಗಿಗೆ ಹತ್ತು ಪರ್ಸೆಂಟ್ ಎಂದರೆ 80 ಸೆಂಟ್, ಸುಮಾರು 70 ರೂಪಾಯಿ. ಹೊಲಿಯುವವಳ ಕೂಲಿಯಲ್ಲಿ ಉಳಿಯುವುದು ಐದೋ ಹತ್ತೋ, ಸುಂಕದಲ್ಲಿ ಹೋಗುವುದು ಎಪ್ಪತ್ತು. ಲಕ್ಕೂರಿನ ಹೆಣ್ಣುಮಗಳು ಪೂರ್ತಿ ಬಿಟ್ಟಿ ಹೊಲಿದುಕೊಟ್ಟರೂ ಆ ಎಪ್ಪತ್ತು ತುಂಬುವುದಿಲ್ಲ. ಆದರೂ ಆರ್ಡರ್ ಕೈತಪ್ಪಿದಾಗ ಏರುದನಿ ಕೇಳಬೇಕಾದವಳು ಅವಳೇ. ಏಕೆಂದರೆ ಮಾಲೀಕನ ಕೈಗೆ ಎಟಕುವುದು ಅವಳ ನಿಮಿಷ ಒಂದೇ. ಯುರೋಪಿನ ಸುಂಕ ನಿರ್ಧರಿಸುವ ಬ್ರಸೆಲ್ಸಿನ ಕಾಗದ ಅವನ ಕೈಗೆ ಎಟಕುವುದಿಲ್ಲ.

ಉಡುಪು ವ್ಯಾಪಾರದ ಪಾಲು ಬದಲಾದ ಚರಿತ್ರೆಯನ್ನೆಲ್ಲ ನೋಡಿದರೆ ಸೂಜಿಗಿಂತ ಕಾಗದದ ಕೈವಾಡವೇ ಹೆಚ್ಚು. 1960ರ ದಶಕದ ಆರಂಭದಲ್ಲೇ ಶ್ರೀಮಂತ ದೇಶಗಳು ಏಷ್ಯಾದ ಹತ್ತಿಬಟ್ಟೆಗೆ ಕಡಿವಾಣ ಹಾಕಿದ್ದವು. 1974ರಲ್ಲಿ ಅದು ಮಲ್ಟಿ ಫೈಬರ್ ಒಪ್ಪಂದವಾಯಿತು. ಯಾವ ದೇಶ ಎಷ್ಟು ಡಜನ್ ಅಂಗಿ, ಎಷ್ಟು ಪ್ಯಾಂಟು ಕಳಿಸಬಹುದೆಂದು ಕೋಟಾ. ಭಾರತದಲ್ಲಿ ಆ ಕೋಟಾ ಹಂಚುತ್ತಿದ್ದುದು ಉಡುಪು ರಫ್ತು ಉತ್ತೇಜನ ಮಂಡಳಿ. ಕೋಟಾ ಇದ್ದವನಿಗೆ ಮಿಷನ್ ಇಲ್ಲದಿದ್ದರೂ ನಡೆಯುತ್ತಿತ್ತು, ಕಾಗದವನ್ನೇ ಮಾರಿ ದುಡ್ಡು ಮಾಡಿದವರಿದ್ದರು.

ತಡೆಯಲೆಂದು ಹಾಕಿದ ಈ ಕೋಟಾವೇ ಉದ್ಯಮವನ್ನು ಹೊಸ ಊರುಗಳಿಗೆ ಹೊತ್ತು ಹಾಕಿತು. ಇದಕ್ಕೆ ಬಾಂಗ್ಲಾದೇಶಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕೊರಿಯಾದ ಕೋಟಾ ತುಂಬಿಹೋಗಿ ಕೈಕಟ್ಟಿದಂತಾಗಿದ್ದ ದೇವೂ ಕಂಪನಿಗೆ ಕೋಟಾ ಇಲ್ಲದ ದೇಶ ಬೇಕಿತ್ತು. ನೂರುಲ್ ಖಾದರ್ ಎಂಬ ನಿವೃತ್ತ ಅಧಿಕಾರಿ ಚಿತ್ತಗಾಂಗ್‌ನಲ್ಲಿ ‘ದೇಶ್ ಗಾರ್ಮೆಂಟ್ಸ್’ ಕಟ್ಟುತ್ತಿದ್ದರು. 1979ರಲ್ಲಿ ಅಲ್ಲಿಂದ ಸುಮಾರು 130 ಜನ ಕೊರಿಯಾದ ಬೂಸಾನ್‌ಗೆ ಹೋಗಿ ಹೊಲಿಗೆ, ಕಟಿಂಗ್, ಲೈನ್ ನಡೆಸುವುದು ಎಲ್ಲ ಕಲಿತು ಬಂದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಹೆಚ್ಚಿನವರು ‘ದೇಶ್’ ಬಿಟ್ಟು ತಮ್ಮದೇ ಫ್ಯಾಕ್ಟರಿ ಹಾಕಿದರು, ಇಲ್ಲವೇ ಬೇರೆಯವರದ್ದನ್ನು ನಡೆಸಿದರು. ಇದರ ಜೊತೆಗೆ ಸರ್ಕಾರ ಎರಡು ಕೆಲಸ ಮಾಡಿತು. ರಫ್ತಿಗಾಗಿ ತರುವ ಬಟ್ಟೆಯನ್ನು ಸುಂಕ ಕಟ್ಟದೆ ಬಾಂಡೆಡ್ ಗೋದಾಮಿನಲ್ಲಿ ಇಟ್ಟುಕೊಳ್ಳಲು ಬಿಟ್ಟಿತು. ಕೈಯಲ್ಲಿರುವ ಆರ್ಡರನ್ನೇ ಅಡವಿಟ್ಟು ಬಟ್ಟೆ ಕೊಳ್ಳಲು ಬ್ಯಾಂಕಿನಲ್ಲಿ ದಾರಿ ಮಾಡಿತು. ಹತ್ತಿ ಅಷ್ಟಾಗಿ ಬೆಳೆಯದ ದೇಶ ಹೀಗೆ ಜಗತ್ತಿಗೆ ಅಂಗಿ ತೊಡಿಸತೊಡಗಿತು. ಅದಕ್ಕೆ ನೂಲು ಮಾರುವವರಲ್ಲಿ ಭಾರತವೇ ಮುಂದು. ನಮ್ಮ ನೂಲು ಢಾಕಾದಲ್ಲಿ ಅಂಗಿಯಾದಾಗ ಪೂರ್ತಿ ಬೆಲೆ ಬಾಂಗ್ಲಾದೇಶದ ಪಾಲಿಗೆ ಬರೆಯಲ್ಪಡುತ್ತದೆ.

ಅದೇ ಕಾಲದಲ್ಲಿ ನಾವೇನು ಮಾಡುತ್ತಿದ್ದೆವು? ಸಿದ್ಧ ಉಡುಪನ್ನು ಸಣ್ಣ ಕೈಗಾರಿಕೆಗೆ ಮೀಸಲಿಟ್ಟು ಕೂತಿದ್ದೆವು. ನೇಯ್ದ ಬಟ್ಟೆಯ ಉಡುಪಿಗೆ ಈ ಮೀಸಲು ತೆಗೆದದ್ದು ಹೊಸ ಶತಮಾನದ ಹೊಸ್ತಿಲಲ್ಲಿ. ಅಷ್ಟು ಹೊತ್ತಿಗೆ ಚೀನಾದಲ್ಲಿ ಒಂದೊಂದು ಸೂರಿನಡಿ ಸಾವಿರಾರು ಮಿಷನ್ ಓಡುತ್ತಿದ್ದವು. ನೂರು ಮಿಷನ್ನಿನ ಹತ್ತು ಶೆಡ್ಡುಗಳಿಗೂ ಸಾವಿರ ಮಿಷನ್ನಿನ ಒಂದು ಫ್ಯಾಕ್ಟರಿಗೂ ಅಂತರವಿದೆ: ಐದು ಲಕ್ಷ ಪೀಸಿನ ಆರ್ಡರನ್ನು ಒಂದೇ ಬಣ್ಣದಲ್ಲಿ, ಒಂದೇ ಅಳತೆಯಲ್ಲಿ, ಹೇಳಿದ ತಾರೀಖಿಗೆ ಕೊಡುವವನ ಹತ್ತಿರ ಬೈಯರ್ ಹೋಗುತ್ತಾನೆ. ಇನ್ನೊಂದು ತೊಡಕು ನಮ್ಮ ಹತ್ತಿಯ ಮೋಹ. ಜಗತ್ತು ಪಾಲಿಯೆಸ್ಟರ್ ಜಾಕೆಟ್ಟು, ಆಟದ ಉಡುಪಿನ ಕಡೆ ಹೊರಳಿದಾಗ ನಮ್ಮ ತೆರಿಗೆಗಳು ಕೃತಕ ನೂಲನ್ನು ದುಬಾರಿ ಮಾಡಿ ಇಟ್ಟಿದ್ದವು. ಹಾಗಾಗಿ ಬೇಸಿಗೆಯ ಅಂಗಿ, ಕುರ್ತಾಗಳ ಸೀಸನ್ ಮುಗಿದ ಮೇಲೆ ಲೈನುಗಳು ಸೊರಗುತ್ತಿದ್ದವು.

ಬೆಂಗಳೂರಿನ ಬೆಳವಣಿಗೆ ಈ ಇಕ್ಕಟ್ಟಿನ ನಡುವೆಯೇ ಆದದ್ದು. 1884ರಲ್ಲಿ ಶುರುವಾದ, ಊರಿನವರು ಬಿನ್ನಿ ಮಿಲ್ ಎಂದೇ ಕರೆದ ಗಿರಣಿಯಂಥವು ಗಂಡಸರ ಲೋಕವಾಗಿದ್ದವು. ಗಿರಣಿಗಳು ಸೊರಗುತ್ತಿದ್ದ ಕಾಲಕ್ಕೇ, 1979ರಲ್ಲಿ ಹುಟ್ಟಿದ ಗೋಕುಲದಾಸ್ ಎಕ್ಸ್‌ಪೋರ್ಟ್ಸ್‌ನಂಥ ಸಂಸ್ಥೆಗಳು ಹೊಲಿಗೆ ಮಿಷನ್ ಮುಂದೆ ಹೆಂಗಸರನ್ನು ಕೂರಿಸಿದವು. ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿ, ಹೊಸೂರು ರಸ್ತೆಗಳ ಉದ್ದಕ್ಕೂ ಶೆಡ್ಡುಗಳೆದ್ದವು. ಇವತ್ತು ಹತ್ತರಲ್ಲಿ ಎಂಟು ಕಾರ್ಮಿಕರು ಹೆಂಗಸರೇ.

2005ರ ಜನವರಿ 1ಕ್ಕೆ ಕೋಟಾ ಪೂರ್ತಿ ಹೋಯಿತು. ಬೆಂಗಳೂರಿನಲ್ಲಿ ಅಂದು ಇದ್ದ ನಿರೀಕ್ಷೆ ಅಷ್ಟಿಷ್ಟಲ್ಲ: ಕಟ್ಟು ಬಿಚ್ಚಿದರೆ ಭಾರತ ಓಡುತ್ತದೆ, ಬಾಂಗ್ಲಾ ಮುಳುಗುತ್ತದೆ ಎಂದು ತಿಳಿದವರೂ ಹೇಳಿದ್ದರು. ಓಡಿದ್ದು ಚೀನಾ. ಆ ಬೇಸಿಗೆಯಲ್ಲಿ ಚೀನಾದ ಸ್ವೆಟರು, ಪ್ಯಾಂಟು, ಒಳಉಡುಪುಗಳು ಯುರೋಪಿನ ಬಂದರುಗಳಲ್ಲಿ ಕೋಟಿಗಟ್ಟಲೆ ಸಿಕ್ಕಿಹಾಕಿಕೊಂಡವು. ಯುರೋಪು, ಅಮೆರಿಕಾ ಎರಡೂ ಚೀನಾಕ್ಕೆ ಮಾತ್ರ ಮತ್ತೆ ಕೆಲ ವರ್ಷ ಮಿತಿ ಹಾಕಿದವು. ಬಾಂಗ್ಲಾ ಮುಳುಗಲಿಲ್ಲ, ಸೊನ್ನೆ ಸುಂಕದ ತೆಪ್ಪ ಅದಕ್ಕಿತ್ತು. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತ ಮೇಲೂ ಆರ್ಡರುಗಳು ಅಲ್ಲಿಂದ ಕದಲಲಿಲ್ಲ. ಗೋಡೆಯಲ್ಲಿ ಬಿರುಕು ಕಂಡಿದ್ದರೂ ಅಂದು ಬೆಳಿಗ್ಗೆ ಕಾರ್ಮಿಕರನ್ನು ಒಳಗೆ ಕಳಿಸಲಾಗಿತ್ತು. ವಿಯೆಟ್ನಾಂನದು ಮತ್ತೊಂದು ದಾರಿ: 2001ರ ಕೊನೆಗೆ ಅಮೆರಿಕಾದೊಂದಿಗೆ ವ್ಯಾಪಾರ ಒಪ್ಪಂದ ಜಾರಿಗೆ ಬಂತು, 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ ಸಿಕ್ಕಿತು, ಬಟ್ಟೆ ಚೀನಾದಿಂದ, ಹೊಲಿಗೆ ತಮ್ಮದು.

ಎಲ್ಲೋ ಒತ್ತಿದ ಠಸ್ಸೆ ತಮ್ಮ ಮನೆಯ ಊಟ ಕಸಿಯುವುದು ಕೋಲಾರದವರಿಗೆ ಹೊಸದಲ್ಲ. ರೇಷ್ಮೆ ಬೆಳೆಯುವವರನ್ನು ಕೇಳಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ 30%ರಿಂದ 5%ಕ್ಕೆ ಇಳಿಯಿತು. ಚೀನಾದ ನೂಲು ಒಳಗೆ ಬಂತು, ಮಾರುಕಟ್ಟೆಯ ಜಾಲರಿಗಳಲ್ಲಿ ಗೂಡಿನ ದರ ಬಿತ್ತು. ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಿದವರಿದ್ದಾರೆ. 2013ರಲ್ಲಿ ಸುಂಕವನ್ನು 15%ಕ್ಕೆ ಏರಿಸಿದರು. ಹುಳು ಅಷ್ಟೇ ಎಲೆ ತಿನ್ನುತ್ತಿತ್ತು, ಮೇಯಿಸುವವಳು ಅಷ್ಟೇ ರಾತ್ರಿ ನಿದ್ದೆಗೆಡುತ್ತಿದ್ದಳು.

ಗಾರ್ಮೆಂಟ್ಸಿನವರು ಕಾಗದವನ್ನೇ ಬದಲಿಸಿದ ಸಂದರ್ಭವೂ ಒಂದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ತಿದ್ದಿತು: ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ. ದೆಹಲಿಯಲ್ಲಿ ಕೂತವರಿಗೆ ಇದು ವೃದ್ಧಾಪ್ಯದ ಭದ್ರತೆ. ಗಾರ್ಮೆಂಟ್ಸ್ ಹೆಂಗಸಿಗೆ ಪಿಎಫ್ ಎಂದರೆ ಮಗಳ ಮದುವೆ, ಮಗನ ಕಾಲೇಜು ಫೀಸು, ಕೈಸಾಲದ ಬಡ್ಡಿ. ಬೆನ್ನು, ಕಣ್ಣು ಹೋಗಿ ನಲವತ್ತಕ್ಕೇ ಲೈನ್ ಬಿಡುವವರಿಗೆ ಐವತ್ತೆಂಟು ಯಾವ ಊರಿನ ಮಾತು? ಏಪ್ರಿಲ್ 18ರಂದು ಅವರು ಮಿಷನ್ ಆಫ್ ಮಾಡಿ ಹೊಸೂರು ರಸ್ತೆಗೆ ಇಳಿದರು. ದೊಡ್ಡ ನಾಯಕರಾರೂ ಕರೆದಿರಲಿಲ್ಲ. ಮರುದಿನ ಪೀಣ್ಯ, ಜಾಲಹಳ್ಳಿ ಕಡೆಯೂ ರಸ್ತೆಗಳು ನಿಂತವು, ಲಾಠಿ ಏಟು, ಅಶ್ರುವಾಯು, ಬೆಂಕಿ ಎಲ್ಲ ಆಯಿತು. ಸಂಜೆಯೊಳಗೆ ನಿಯಮ ವಾಪಸ್. ದೇಶದ ಎಲ್ಲ ಪಿಎಫ್ ಚಂದಾದಾರರ ಪರವಾಗಿ ಗೆದ್ದ ಆ ಹೆಂಗಸರಿಗೆ 2020ರಲ್ಲಿ ತಮ್ಮದೇ ತುಟ್ಟಿಭತ್ಯೆಯ ತಿಂಗಳ 417 ರೂಪಾಯಿ ಬಾಕಿಗಾಗಿ ಹೋರಾಡಬೇಕಾಯಿತು. ಕೊರೊನಾ ನೆಪದಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತ್ತು, ಆ ಮುಂದೂಡಿಕೆಗೆ ಹೈಕೋರ್ಟ್ ತಡೆ ಕೊಟ್ಟಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಈ ಬಾಕಿ ತೀರಿಸಲು ದೊಡ್ಡ ಫ್ಯಾಕ್ಟರಿಗಳು ಒಪ್ಪಿಕೊಳ್ಳುವ ಹೊತ್ತಿಗೆ 2022 ಬಂದಿತ್ತು.

ಆಮೇಲಿನ ಏಟು ಸಮುದ್ರದಾಚೆಯಿಂದ. 2025ರ ಆಗಸ್ಟ್ 27ರಂದು ಅಮೆರಿಕಾ ಭಾರತದ ಸರಕಿನ ಮೇಲೆ ಹೆಚ್ಚುವರಿ ಸುಂಕವನ್ನು 50%ಕ್ಕೆ ಏರಿಸಿತು. ಬಾಂಗ್ಲಾದೇಶ, ವಿಯೆಟ್ನಾಂಗೆ ಆಗ 20%. ನಮ್ಮ ಉಡುಪು ರಫ್ತಿನ ಸುಮಾರು ಮೂರನೇ ಒಂದು ಭಾಗ ಹೋಗುವುದು ಆ ದೇಶಕ್ಕೇ. 8 ಡಾಲರ್ ಅಂಗಿಗೆ ನಾಲ್ಕು ಡಾಲರ್. 20 ನಿಮಿಷದ ಕೂಲಿಯ ಎದುರು ಇದನ್ನು ಇಟ್ಟು ನೋಡಿದರೆ ಲೆಕ್ಕ ಮಾಡುವುದೇ ಬೇಡ ಅನ್ನಿಸುತ್ತದೆ. ಅದಕ್ಕೊಂದು ತಿಂಗಳ ಹಿಂದೆ, ಜುಲೈ 24ರಂದು, ಬ್ರಿಟನ್ನಿನೊಂದಿಗೆ ಸಹಿಯಾದ ಒಪ್ಪಂದದಲ್ಲಿ ನಮ್ಮ ಉಡುಪಿಗೆ ಸುಂಕ ಸೊನ್ನೆ ಎಂದಿದೆ. ಬಾಂಗ್ಲಾದೇಶ ಹಿಂದುಳಿದ ರಾಷ್ಟ್ರಗಳ ಪಟ್ಟಿಯಿಂದ ಹೊರಬರಲು 2026ರ ನವೆಂಬರ್ 24 ಗೊತ್ತಾಗಿತ್ತು. ಹೊರಬಂದ ಮೇಲೆ ಆ ಸೊನ್ನೆ ಅದಕ್ಕೆ ಶಾಶ್ವತವಲ್ಲ. ಬೆಂಗಳೂರಿನ ಕಂಪನಿಗಳೂ ಸುಮ್ಮನೆ ಕೂತಿಲ್ಲ. ಗೋಕುಲದಾಸ್ 2023ರಲ್ಲಿ ಮಾತು ಮುಗಿಸಿ ಕೊಂಡ ಅಟ್ರಾಕೊ ಎಂಬ ಕಂಪನಿಯ ಫ್ಯಾಕ್ಟರಿಗಳಿರುವುದು ಕೀನ್ಯಾ, ಇಥಿಯೋಪಿಯಾದಲ್ಲಿ. ಭಾರತದವರದ್ದೇ ಕಂಪನಿ, ಪಾಲು ಆಫ್ರಿಕಾದ ಖಾತೆಗೆ.

ಹಾಂಗ್‌ಕಾಂಗ್, ಕೊರಿಯಾಗಳ ಪಾಲು ಇಳಿಯಲು ಕೋಟಾ ಅಷ್ಟೇ ಕಾರಣವಲ್ಲ. ಅಲ್ಲಿನ ಹುಡುಗಿಯರಿಗೆ ಹೊಲಿಗೆಗಿಂತ ಒಳ್ಳೆಯ ಕೆಲಸ ಸಿಕ್ಕಿತು. ರೇಡಿಯೊ, ಟಿವಿ, ಚಿಪ್‌ಗಳ ಫ್ಯಾಕ್ಟರಿಗಳು ಅವರನ್ನು ಕರೆದುಕೊಂಡವು. ಕೋಲಾರದಲ್ಲಿ ಈಗ ನಡೆಯುತ್ತಿರುವುದು ಅದೇ. ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ಫ್ಯಾಕ್ಟರಿ ಇದೆ. ವಿಸ್ಟ್ರಾನ್ ಕಾಲದಲ್ಲಿ, 2020ರ ಡಿಸೆಂಬರ್ 12ರಂದು, ಸಂಬಳದ ತಕರಾರಿನಿಂದ ಗಲಾಟೆಯಾದ ಅದೇ ಜಾಗ ಈಗ ಟಾಟಾ ಕೈಯಲ್ಲಿದೆ. ಗಡಿಯಾಚೆ ಹೊಸೂರು ಭಾಗದಲ್ಲಿ ಅದೇ ಫೋನಿನ ಭಾಗಗಳನ್ನು ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್ ಘಟಕ. ಎರಡೂ ಕಡೆ ಹುಡುಗಿಯರದ್ದೇ ದೊಡ್ಡ ಸಂಖ್ಯೆ. ಲಕ್ಕೂರು ಈ ಎರಡರ ನಡುವೆ ಬರುತ್ತದೆ. ಪಿಯುಸಿ, ಐಟಿಐ ಮುಗಿಸಿದ ಮಗಳು ಏಸಿ ಇರುವ ಕಂಪನಿಯ ಬಸ್ ಹತ್ತುತ್ತಾಳೆ, ತಾಯಿ ಗಾರ್ಮೆಂಟ್ಸ್ ಗಾಡಿಗೆ ಕಾಯುತ್ತಾಳೆ. ಕೊರಿಯಾ ಜಗತ್ತಿನ ಏಳು ಪರ್ಸೆಂಟ್ ಅಂಗಿ ಹೊಲಿದು, ಆ ದುಡ್ಡಿನಲ್ಲಿ ಬೆಳೆದು, ಆಮೇಲೆ ಮಿಷನ್ ಬಿಟ್ಟಿತು. ನಾವು ಮೂರರಲ್ಲೇ ಇರುವಾಗ ನಮ್ಮ ಹುಡುಗಿಯರು ಬಿಡುತ್ತಿದ್ದಾರೆ. ಇದರಲ್ಲಿ ಹುಡುಗಿಯರ ತಪ್ಪೇನೂ ಇಲ್ಲ. ನಾನಾಗಿದ್ದರೂ ಏಸಿ ಬಸ್ಸನ್ನೇ ಹತ್ತುತ್ತಿದ್ದೆ.

ಹೀಗಾಗಿ ಗಾರ್ಮೆಂಟ್ಸ್ ಮಾಲೀಕರಿಗೆ ಬೆಂಗಳೂರಿನ ಸುತ್ತ ಟೈಲರ್ ಸಿಗುವುದು ಕಷ್ಟವಾಗುತ್ತಿದೆ. ಕನಿಷ್ಠ ಕೂಲಿ ವಲಯವಾರು ಇರುವುದರಿಂದ ತಾಲ್ಲೂಕು ಕೇಂದ್ರಗಳಲ್ಲಿ ನಿಮಿಷದ ಬೆಲೆ ಕೆಲವು ಪೈಸೆ ಕಡಿಮೆ. ಹಾಗಾಗಿ ಫ್ಯಾಕ್ಟರಿಗಳು ಮಂಡ್ಯ, ಹಾಸನ, ಶಿವಮೊಗ್ಗದ ಕಡೆ ಹೋಗಿವೆ, ಇನ್ನು ಕೆಲವು ಒಡಿಶಾ, ಜಾರ್ಖಂಡಿಗೇ ಹೋಗಿವೆ. ಹೋಗಲಾಗದವರು ಅಲ್ಲಿನ ಹಳ್ಳಿಗಳಿಂದ ಹದಿನೆಂಟು, ಇಪ್ಪತ್ತರ ಹುಡುಗಿಯರನ್ನು ತರಬೇತಿ ಕೊಟ್ಟು ಕರೆತರುತ್ತಾರೆ. ಬೊಮ್ಮಸಂದ್ರದ ಸುತ್ತಮುತ್ತಲ ಹಾಸ್ಟೆಲ್ಲುಗಳಲ್ಲಿ ಅವರ ವಾಸ. ಭಾನುವಾರ ಕೆಲವು ಗಂಟೆ ಹೊರಗೆ ಬಿಡುತ್ತಾರೆ. ಲೈನಿನಲ್ಲಿ ಈಗ ಕನ್ನಡ, ತೆಲುಗು, ತಮಿಳಿನ ಜೊತೆ ಒಡಿಯಾ ಮತ್ತು ಸಾದ್ರಿ ಕೇಳಿಸುತ್ತವೆ, ಸೂಪರ್‌ವೈಸರುಗಳು ಹಿಂದಿಯಲ್ಲಿ ಟಾರ್ಗೆಟ್ ಕೇಳಲು ಕಲಿತಿದ್ದಾರೆ.